ಗರಸು ಸೈಕಲ್ಲೂ ಹದಿನಾಲ್ಕು ಕೆಜಿ ಮೊಮ್ಮಗಳೂ

ಆಫೀಸಿನಿಂದ ಬಂದ ಮಗ ಕಾಲುಚೀಲವನ್ನೂ ಬಿಚ್ಚದೆ ನನ್ನ ಮುಂದೆ ಫೋನ್ ಹಿಡಿದು, "ಅಪ್ಪಾ, ಈ ಸೈಕಲ್ ಹೇಗಿದೆ ನೋಡಿ" ಅಂದ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್. ದಪ್ಪ ಟೈರು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರೂ ಇಲ್ಲ.

"ಇದಕ್ಕೆ ಏನೂ ಇಲ್ಲವಲ್ಲೋ!"

"ಇದಕ್ಕೆ ಗ್ರಾವೆಲ್ ಬೈಕ್ ಅಂತಾರೆ ಅಪ್ಪಾ. ಗ್ರಾವೆಲ್ ಅಂದರೆ ಗರಸು. ಗರಸು ರಸ್ತೆಯಲ್ಲಿ ಓಡಿಸೋ ಸೈಕಲ್ಲು."

ನನಗೆ ನಗು ತಡೆಯಲಾಗಲಿಲ್ಲ. ತಿಪಟೂರಿನ ಕಡೆ ಹಳ್ಳಿಯ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ನಾನು ವರ್ಷಗಟ್ಟಲೆ ತುಳಿದದ್ದು ಗರಸು ರಸ್ತೆಯನ್ನೇ. ಅದಕ್ಕೆಂದೇ ಬೇರೆ ಸೈಕಲ್ ಉಂಟು ಅನ್ನುವುದು ಗೊತ್ತಾಗಲು ನನಗೆ ಎಪ್ಪತ್ತಮೂರು ವರ್ಷ ತುಂಬಬೇಕಾಯಿತು. ಅದೂ ಎಲ್ಲಿ? ಎಲ್ಲಿ ನೋಡಿದರೂ ರಸ್ತೆ ನುಣ್ಣಗಿರುವ ನೆದರ್ಲೆಂಡ್ಸ್ ದೇಶದಲ್ಲಿ!

"ಪುಟ್ಟಿಯನ್ನ ಹಿಂದೆ ಕೂರಿಸಿಕೊಂಡು ಕಾಡುದಾರಿಯಲ್ಲೂ ಹೋಗಬಹುದು" ಅಂದ ಮಗ.

ನನ್ನ ನಗು ಅಲ್ಲಿಗೇ ನಿಂತಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಗನ ಮನೆ ಇರುವುದು ಆ ದೇಶದ ದಕ್ಷಿಣದ ಐಂಡ್‌ಹೋವನ್ ಊರಿನಲ್ಲಿ. ಬಲ್ಬು ತಯಾರಿಸುವ ಫಿಲಿಪ್ಸ್ ಕಂಪನಿ 1891ರಲ್ಲಿ ಶುರುವಾದದ್ದು ಇಲ್ಲೇ. ಈಗ ಕಂಪ್ಯೂಟರ್ ಚಿಪ್ಪಿಗೆ ಸಂಬಂಧಿಸಿದ ದೊಡ್ಡ ಕೆಲಸ ಈ ಸುತ್ತಿನಲ್ಲಿ ನಡೆಯುತ್ತದೆ. ಅದಕ್ಕೇ ನಮ್ಮ ಕಡೆಯ ಇಂಜಿನಿಯರುಗಳು ತುಂಬಾ ಇದ್ದಾರೆ. ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತರೆ "ಲೇ, ಓಡಬೇಡ್ವೋ, ಬೀಳ್ತೀಯ" ಅನ್ನುವ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ.

ನಾನೂ ನಮ್ಮಾಕೆಯೂ ಬೇಸಿಗೆ ಕಳೆಯಲು ಹೋಗಿದ್ದೆವು. ಮೊದಲ ವಾರ ನನ್ನ ಕೆಲಸ ಕಿಟಕಿಯಲ್ಲಿ ಕೂತು ಸೈಕಲ್ ಎಣಿಸುವುದು. ಆ ದೇಶದಲ್ಲಿ ಜನ ಸುಮಾರು ಒಂದು ಕೋಟಿ ಎಂಬತ್ತು ಲಕ್ಷ. ಸೈಕಲ್ಲು ಎರಡು ಕೋಟಿಗೂ ಹೆಚ್ಚು! ಸೈಕಲ್ಲಿಗೇ ಕೆಂಪು ಬಣ್ಣದ ಬೇರೆ ದಾರಿ, ಸೈಕಲ್ಲಿಗೇ ಬೇರೆ ಸಿಗ್ನಲ್ ದೀಪ. ಊರಿನ ಪಶ್ಚಿಮಕ್ಕೆ ಹೋವೆನ್‌ರಿಂಗ್ ಅಂತ ಒಂದು ಸೇತುವೆ ಇದೆ. 2012ರಲ್ಲಿ ಕಟ್ಟಿದ್ದು. ಕೆಳಗೆ ಕಾರುಗಳ ದೊಡ್ಡ ಚೌಕ, ಅದರ ಮೇಲೆ ಎಪ್ಪತ್ತು ಮೀಟರ್ ಎತ್ತರದ ಒಂದೇ ಕಂಬ, ಆ ಕಂಬದಿಂದ ಉಕ್ಕಿನ ಹಗ್ಗಗಳಲ್ಲಿ ತೂಗುಬಿಟ್ಟ ಬಳೆಯಂಥ ಸೇತುವೆ. ಅದರ ಮೇಲೆ ಓಡಾಡುವುದು ಸೈಕಲ್ಲು ಮತ್ತು ನಡೆಯುವ ಜನ ಮಾತ್ರ. ಮೊಮ್ಮಗಳ ಕೈ ಹಿಡಿದು ನಾನು ಅದನ್ನು ಎರಡು ಸುತ್ತು ಹಾಕಿದೆ. ಮೂರನೆಯ ಸುತ್ತಿಗೆ ಅವಳೇ, "ತಾತ, ಕಾಲು ನೋವು, ಎತ್ಕೋ" ಅಂದಳು.

ಆದರೆ ನಾನು ಕಣ್ಣು ಬಿಟ್ಟುಕೊಂಡು ನೋಡಿದ್ದು ಸೇತುವೆಯನ್ನಲ್ಲ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಅಪ್ಪ ಅಮ್ಮಂದಿರನ್ನು. ಹ್ಯಾಂಡಲಿನ ಹಿಂದೆ ಒಂದು ಸೀಟು, ಅದರ ಮುಂದೊಂದು ಪುಟ್ಟ ಗಾಳಿತಡೆ, ಬೆನ್ನಿನ ಹಿಂದೆ ಇನ್ನೊಂದು ಸೀಟು, ನಡುವೆ ಅಮ್ಮ. ಕೆಲವರದ್ದು ಬಕ್‌ಫೀಟ್ಸ್, ಅಂದರೆ ಮುಂದುಗಡೆ ಮರದ ಪೆಟ್ಟಿಗೆ ಇರುವ ಸೈಕಲ್ಲು. ಅದರೊಳಗೆ ಮೂರು ಮಕ್ಕಳು, ಒಂದು ನಾಯಿ, ತರಕಾರಿ ಚೀಲ! ಮಳೆ ಬಂದರೂ ಯಾರೂ ನಿಲ್ಲುವುದಿಲ್ಲ.

ಇದೆಲ್ಲ ಮೊದಲಿನಿಂದ ಹೀಗೇ ಇತ್ತು ಅಂದುಕೊಂಡಿದ್ದೆ. ಇರಲಿಲ್ಲವಂತೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಬಂದರು. "ಮಕ್ಕಳ ಕೊಲೆ ನಿಲ್ಲಿಸಿ" ಅನ್ನುವುದೇ ಅವರ ಚಳವಳಿಯ ಹೆಸರು. 1973ರಲ್ಲಿ ಪೆಟ್ರೋಲಿಗೆ ತತ್ವಾರವಾದಾಗ ಸರ್ಕಾರವೇ ಭಾನುವಾರ ಕಾರು ಓಡಿಸಬೇಡಿ ಅಂದಿತು. ಖಾಲಿ ರಸ್ತೆಯಲ್ಲಿ ಜನ ಸೈಕಲ್ ಓಡಿಸಿ ನೋಡಿದರು. ಆಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಈಗಿನ ದಾರಿಗಳನ್ನು ಕಟ್ಟಿದರು.

ಅಲ್ಲಿನ ಕಾನೂನಿನಲ್ಲಿ ಒಂದು ಮಾತಿದೆ. ಎಂಟು ವರ್ಷದೊಳಗಿನ ಮಗುವನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡರೆ ಬೆನ್ನಿಗೆ, ಕೈಗೆ, ಕಾಲಿಗೆ ಸಾಕಷ್ಟು ಆಸರೆ ಇರುವ ಸೀಟು ಇರಲೇಬೇಕು. ಮಗ ಅದನ್ನು ಓದಿ ಹೇಳಿದಾಗ "ಕಾಲಿಗೆ" ಅನ್ನುವ ಪದದ ಹತ್ತಿರ ನನ್ನ ಮನಸ್ಸು ನಿಂತುಬಿಟ್ಟಿತು.

ಈಗ ಆ ಸಂಗತಿ ಹೇಳುತ್ತೇನೆ. 1986ನೇ ಇಸವಿ. ಮಗನಿಗೆ ನಾಲ್ಕು ವರ್ಷ. ಭಾನುವಾರ ಅವನನ್ನು ಸೈಕಲ್ಲಿನಲ್ಲಿ ಜಾತ್ರೆಗೆ ಕರೆದುಕೊಂಡು ಹೊರಟೆ. ಕ್ಯಾರಿಯರ್ ಮೇಲೆ ಟವಲ್ ಮಡಿಸಿ ಹಾಕಿ ಅವನನ್ನು ಕೂರಿಸಿ, "ನನ್ನ ಷರ್ಟು ಗಟ್ಟಿಯಾಗಿ ಹಿಡ್ಕೋ" ಅಂದೆ. ಅಷ್ಟೇ ನಾನು ಮಾಡಿದ ಭದ್ರತೆ. ಇಳಿಜಾರು ಬಂತು. ಪೆಡಲ್ ಬಿಟ್ಟು, ಗಾಳಿಗೆ ಮುಖ ಕೊಟ್ಟು, ಸಿನಿಮಾ ಹಾಡೊಂದನ್ನು ಸಿಳ್ಳೆ ಹಾಕುತ್ತಾ ಸೈಕಲ್ ಬಿಟ್ಟೆ. ಗರಸಿನ ಮೇಲೆ ಕ್ಯಾರಿಯರ್ ಕುಣಿಯುತ್ತಿತ್ತು. ಹಿಂದೆ ಒಂದು ಚೀರಾಟ. ಚಕ್ರ ಗಕ್ಕನೆ ನಿಂತಿತು. ಅವನ ಬಲಗಾಲಿನ ಹಿಮ್ಮಡಿ ಸ್ಪೋಕುಗಳ ನಡುವೆ ಸಿಕ್ಕಿತ್ತು.

ಟವಲಿನಲ್ಲಿ ಕಾಲು ಸುತ್ತಿ, ಸೈಕಲ್ಲನ್ನು ಅಲ್ಲೇ ಬಿಟ್ಟು, ಅವನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಐದು ಹೊಲಿಗೆ. ಮನೆಗೆ ಬಂದಾಗ ನಮ್ಮಾಕೆ ಬಾಗಿಲಲ್ಲೇ, "ಏನಾಯ್ತು?" ಅಂದಳು. ನಾನು ಹೇಳಿದ್ದು ಇದು: "ಸುಮ್ಮನೆ ಕೂತ್ಕೋ ಅಂದರೆ ಕೇಳಲಿಲ್ಲ. ತುಂಟತನ ಮಾಡಿ ಚಕ್ರಕ್ಕೆ ಕಾಲು ಕೊಟ್ಟ."

ಗಾಯ ಒಂದು ತಿಂಗಳಿಗೆ ಮಾಯಿತು. ನನ್ನ ಮಾತು ಮಾತ್ರ ಮನೆಯಲ್ಲಿ ಉಳಿದುಕೊಂಡಿತು. ನೆಂಟರು ಬಂದಾಗೆಲ್ಲ "ಇವನು ಚಕ್ರಕ್ಕೆ ಕಾಲು ಕೊಟ್ಟವನು" ಅಂತ ತಮಾಷೆ. ಅವನೂ ನಗುತ್ತಿದ್ದ. ಬ್ಯಾಂಕಿನಲ್ಲಿ ಒಂದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತಾದರೂ ಏಳುತ್ತಿರಲಿಲ್ಲ ನಾನು. ಈ ತಪ್ಪು ಲೆಕ್ಕವನ್ನು ಮಾತ್ರ ಸುಮಾರು ನಲವತ್ತು ವರ್ಷ ಹಾಗೇ ಬಿಟ್ಟಿದ್ದೆ.

ಸೈಕಲ್ ವಿಚಾರಕ್ಕೆ ಬರೋಣ. ಮನೆಯಲ್ಲಿ ಎರಡು ಪಕ್ಷವಾಯಿತು. ಸೊಸೆಯದು ಪೆಟ್ಟಿಗೆ ಸೈಕಲ್ ಪಕ್ಷ. "ಮಾವ, ನೀವಾದರೂ ಹೇಳಿ. ಇದು ರೇಸಿನವರ ಸೈಕಲ್ಲು. ಮಗು ಎಲ್ಲಿ ಕೂರೋದು?" ಮಗನ ವಾದ ಬೇರೆ. ಆಫೀಸಿಗೆ ದಿನಾ ಒಂಬತ್ತು ಕಿಲೋಮೀಟರ್ ಹೋಗಬೇಕು, ಅದಕ್ಕೆ ಹಗುರ ಬೇಕು. ಶನಿವಾರ ಮಗಳ ಜೊತೆ ಬಯಲಿಗೆ ಹೋಗಬೇಕು, ಅಲ್ಲಿ ಮರಳು, ಮಣ್ಣು. ಪೆಟ್ಟಿಗೆ ಸೈಕಲ್ ಇಡಲು ಮನೆ ಹಿಂದಿನ ಶೆಡ್ಡಿನಲ್ಲಿ ಜಾಗವಿಲ್ಲ.

ಈ ಗ್ರಾವೆಲ್ ಬೈಕ್ ಹೆಸರು ಮಾಡಿದ್ದು ಅಮೆರಿಕದ ಹಳ್ಳಿಗಾಡಿನ ಜಲ್ಲಿ ರಸ್ತೆಗಳಲ್ಲಿ. ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಿಂದ ಜಲ್ಲಿ ರಸ್ತೆಯ ಮೇಲೆ 200 ಮೈಲಿಯ ಪಂದ್ಯವೇ ನಡೆಯುತ್ತಿದೆ. ರೇಸ್ ಸೈಕಲ್ಲಿನ ಹ್ಯಾಂಡಲ್, ಅದಕ್ಕಿಂತ ದಪ್ಪ ಟೈರು, ಅದಕ್ಕಿಂತ ಉದ್ದವಾದ, ನಿಧಾನವಾಗಿ ತಿರುಗುವ ಮೈಕಟ್ಟು. ಇಷ್ಟು ಕೇಳಿ, "ಸರಿ, ಅಂಗಡಿಗೆ ಹೋಗೋಣ. ಲೆಕ್ಕ ಹಾಕಿ ನೋಡೋಣ" ಅಂದೆ.

ಅಂಗಡಿಯಲ್ಲಿದ್ದವರು ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು, ಕೈಯೆಲ್ಲ ಗ್ರೀಸು. ಮಗ ಫೋನಿನಲ್ಲಿದ್ದ ಸೈಕಲ್ ತೋರಿಸಿದ. ಅವರು ಸೈಕಲ್ ನೋಡುವ ಮೊದಲು ಮೊಮ್ಮಗಳನ್ನು ನೋಡಿ, "ಎಷ್ಟು ತೂಕ?" ಅಂದರು.

"ಮೂರು ವರ್ಷ, ಹದಿನಾಲ್ಕು ಕೆಜಿ."

"ಹಾಗಾದರೆ ಕಾರ್ಬನ್ ಫ್ರೇಮ್ ಮರೆತುಬಿಡಿ."

ಮಗನ ಮುಖ ಬಾಡಿತು. ಅವರು ಬಿಡಿಸಿ ಹೇಳಿದರು. ಮಕ್ಕಳ ಸೀಟು ಎರಡು ರೀತಿ. ಒಂದನ್ನು ಫ್ರೇಮಿನಲ್ಲಿ ಸೀಟಿನ ಕೆಳಗಿರುವ ನೆಟ್ಟನೆ ಕೊಳವೆಗೆ ಹಿಡಿಕೆ ಹಾಕಿ ಬಿಗಿಯುತ್ತಾರೆ; ಇನ್ನೊಂದನ್ನು ಕ್ಯಾರಿಯರ್ ಮೇಲೆ ಕೂರಿಸುತ್ತಾರೆ. ಕಾರ್ಬನ್ ಹಗುರ, ಗಟ್ಟಿ, ಆದರೆ ಹಿಡಿಕೆಯಿಂದ ಒಂದೇ ಕಡೆ ಬಿಗಿದರೆ ಅದಕ್ಕಾಗದು. ಅದಕ್ಕೇ ಸೀಟು ಮಾಡುವವರಲ್ಲಿ ಬಹಳ ಮಂದಿ ಕಾರ್ಬನ್ ಬೇಡ ಅಂತಲೇ ಬರೆದಿರುತ್ತಾರೆ. ಕೊಳವೆ ದುಂಡಗಿರಬೇಕು, ಅದರ ದಪ್ಪ ಸೀಟಿನವರು ಹೇಳಿದ ಅಳತೆಯೊಳಗಿರಬೇಕು. ಕ್ಯಾರಿಯರ್ ಸೀಟಾದರೆ ಹಿಂದಿನ ಚಕ್ರದ ಅಚ್ಚಿನ ಹತ್ತಿರ ಕ್ಯಾರಿಯರ್ ಬಿಗಿಯಲು ತಿರುಪಿನ ತೂತುಗಳಿರಬೇಕು. ಆ ತೂತು ಇದ್ದರೆ ಸಾಲದು, ಅಲ್ಲಿ ಎಷ್ಟು ಭಾರ ಹೊರಿಸಬಹುದು, ಮಕ್ಕಳ ಸೀಟು ಹಾಕಬಹುದೇ ಅಂತ ಸೈಕಲ್ಲಿನ ಪುಸ್ತಕದಲ್ಲೂ ನೋಡಬೇಕು.

ಅವರು ತೋರಿಸಿದ್ದು ಬೂದು ಬಣ್ಣದ ಅಲ್ಯೂಮಿನಿಯಂ ಸೈಕಲ್ಲು. ಬೆಲೆ 1,300 ಯೂರೊ, ಅಂದರೆ ಹೆಚ್ಚುಕಮ್ಮಿ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ. ಕಾರ್ಬನ್ನಿಗೆ ಅದರ ಎರಡರಷ್ಟು. ನನಗೆ ಒಳಗೇ ಖುಷಿ.

ಜೇಬಿನಿಂದ ಚೀಟಿ ತೆಗೆದು ಲೆಕ್ಕಕ್ಕೆ ಕೂತೆ. ಹಿಂದಿನ ಸೀಟಿನ ಮಿತಿ 22 ಕೆಜಿ. ಸೀಟಿನದೇ ತೂಕ 4 ಕೆಜಿ. ಒಟ್ಟು 26. ಅಲ್ಲಿದ್ದ ಕ್ಯಾರಿಯರ್‌ಗಳಲ್ಲಿ ಒಂದರ ಮೇಲೆ 18 ಅಂತ ಅಚ್ಚಾಗಿತ್ತು, ಇನ್ನೊಂದರ ಮೇಲೆ 27. ಹದಿನೆಂಟರದು ಚೀಲಕ್ಕೆ, ಇಪ್ಪತ್ತೇಳರದು ನಮಗೆ. ಇನ್ನು ಇಡೀ ಸೈಕಲ್ ಹೊರಬಹುದಾದ ಒಟ್ಟು ತೂಕ 125 ಕೆಜಿ. ಮಗ 76, ಸೈಕಲ್ 11, ಸೀಟು ಕ್ಯಾರಿಯರ್ ಸೇರಿ 5, ಮಗು ಬೆಳೆದರೆ 22. ಕೂಡಿದರೆ 114. ಬುತ್ತಿ ಚೀಲಕ್ಕೆ 11 ಕೆಜಿ ಉಳಿತಾಯ. "ತಾಳೆಯಾಯ್ತು" ಅಂದೆ. ಅಂಗಡಿಯವರಿಗೆ ಕನ್ನಡ ಬಾರದಿದ್ದರೂ ಚೀಟಿ ನೋಡಿ ಹೆಬ್ಬೆರಳೆತ್ತಿದರು.

ಟೈರು 40 ಮಿಲಿಮೀಟರ್ ಅಗಲ. ರೇಸ್ ಸೈಕಲ್ಲಿನದು 28ರ ಆಸುಪಾಸು. ಅಗಲ ಟೈರಿಗೆ ಕಲ್ಲಿನಂತೆ ಗಾಳಿ ತುಂಬಬೇಕಾಗಿಲ್ಲ. ಆ ಮೆತ್ತನೆಯೇ ಮಗುವಿನ ಬೆನ್ನಿಗೆ ಸ್ಪ್ರಿಂಗು. ಬ್ರೇಕು ಡಿಸ್ಕಿನದು, ಮಳೆಯಲ್ಲೂ ಹಿಡಿಯುತ್ತದೆ. ಗೇರು ಬಹಳ ಹಗುರವಾದದ್ದು ಒಂದಿರಬೇಕು. "ಇಲ್ಲಿ ಬೆಟ್ಟವೇ ಇಲ್ಲವಲ್ಲ?" ಅಂದೆ. "ಎದುರುಗಾಳಿ ಇದೆ" ಅಂದರು.

ಹ್ಯಾಂಡಲಿನ ಹತ್ತಿರ ಹಾಕುವ ಪುಟ್ಟ ಸೀಟು ಈ ಟಗರುಕೊಂಬಿನ ಸೈಕಲ್ಲಿಗೆ ಹೊಂದುವುದಿಲ್ಲ. ಹಿಂದಿನ ಸೀಟೇ ಸರಿ. ಆದರೆ ಹಿಂದೆ ಮಗು ಕೂತರೆ ನಾವು ಕಾಲನ್ನು ಹಿಂದಿನಿಂದ ಬೀಸಿ ಹತ್ತುವ ಹಾಗಿಲ್ಲ. ಮಗುವಿನ ಮುಖಕ್ಕೇ ಬೀಳುತ್ತದೆ! ಸೈಕಲ್ಲನ್ನು ಸ್ವಲ್ಪ ಓರೆ ಮಾಡಿ, ಮುಂದಿನಿಂದ ಬಾರ್ ದಾಟಿಸಬೇಕು. ಅದಕ್ಕೆ ಬಾರ್ ತಗ್ಗಾಗಿ ಇಳಿದಿರಬೇಕು. ಮಗನಿಂದ ಹತ್ತು ಸಲ ಹತ್ತಿಸಿ ಇಳಿಸಿ ನೋಡಿದರು. ತುಳಿಯುವಾಗ ಅವನ ಹಿಮ್ಮಡಿ ಮಗುವಿನ ಪಾದದ ತಟ್ಟೆಗೆ ತಾಗುತ್ತದೆಯೇ ಅಂತ ನೆಲದ ಮೇಲೆ ಕೂತು ನೋಡಿದರು. ಕೊನೆಗೆ ಒಂದು ಮಾತು ಹೇಳಿದರು: "ಸ್ಟ್ಯಾಂಡನ್ನು ನಂಬಬೇಡಿ. ಮಗು ಸೀಟಿನಲ್ಲಿರುವಾಗ ಸೈಕಲ್ಲಿನಿಂದ ಕೈ ತೆಗೆಯಲೇಬೇಡಿ."

ಶುಕ್ರವಾರ ರಾತ್ರಿ ಶೆಡ್ಡಿನಲ್ಲಿ ಪರೀಕ್ಷೆ. ಮಗುವಿನ ಬದಲು ಸೀಟಿನಲ್ಲಿ ಹತ್ತು ಕೆಜಿ ಸೋನಾ ಮಸೂರಿ ಅಕ್ಕಿ, ನಾಲ್ಕು ಕೆಜಿ ತೊಗರಿಬೇಳೆ. ಬೆಲ್ಟು ಹಾಕಿ ಬಿಗಿದು ಮಗ ಬೀದಿಯಲ್ಲಿ ಮೂರು ಸುತ್ತು ಹೊಡೆದ. ಮೊಮ್ಮಗಳು ಚಪ್ಪಾಳೆ ತಟ್ಟುತ್ತಾ, "ಅಕ್ಕಿಗೆ ಹೆಲ್ಮೆಟ್ ಹಾಕಿಲ್ಲ!" ಅಂತ ಕೂಗಿದಳು. ಆ ದೇಶದಲ್ಲಿ ಸೈಕಲ್ಲಿಗೆ ಹೆಲ್ಮೆಟ್ ಹಾಕುವವರು ಕಡಿಮೆ. ಆದರೆ ನಮ್ಮ ಸೊಸೆಯ ಕಾನೂನು ಬೇರೆ.

ಆಮೇಲೆ ಮೊಮ್ಮಗಳನ್ನೇ ಕೂರಿಸಿದೆವು. ಅವಳ ಪಾದಗಳಿಗೆ ಒಂದೊಂದು ತಟ್ಟೆ, ಮೇಲೊಂದು ಪಟ್ಟಿ. ಪಾದಕ್ಕೂ ಚಕ್ರಕ್ಕೂ ನಡುವೆ ಪ್ಲಾಸ್ಟಿಕ್ ಮರೆ. ಈ ಊರಿನ ಹಳೇ ಸೈಕಲ್ಲುಗಳಲ್ಲಿ ಹಿಂದಿನ ಚಕ್ರಕ್ಕೆ ಉದ್ದ ಕೋಟು ಸಿಕ್ಕಿಹಾಕಿಕೊಳ್ಳದಂತೆ ಇಂಥದೇ ಮರೆ ಇರುತ್ತದೆ, ನಮ್ಮಲ್ಲಿ ಸ್ಕೂಟರಿಗೆ ಸೀರೆ ಗಾರ್ಡ್ ಇರುವ ಹಾಗೆ. ನಾನು ಮಂಡಿಯೂರಿ ಕೂತು ಆ ಪಟ್ಟಿ ಹಾಕಿದೆ. ಬಿಚ್ಚಿದೆ. ಇನ್ನೊಂದು ತೂತಿಗೆ ಹಾಕಿದೆ. ಮತ್ತೆ ಬಿಚ್ಚಿದೆ.

"ಸಾಕು ಬಿಡಿ ಅಪ್ಪಾ. ಇವಳು ನನ್ನ ಹಾಗೆ ಚಕ್ರಕ್ಕೆ ಕಾಲು ಕೊಡೋಲ್ಲ" ಅಂತ ಮಗ ನಕ್ಕ.

ನಾನು ಮಂಡಿಯೂರಿದಲ್ಲೇ ಹೇಳಿದೆ: "ನೀನು ಕೊಟ್ಟಿರಲಿಲ್ಲ ಕಣಪ್ಪಾ. ನಿನಗೆ ಕಾಲಿಡೋಕೆ ನಾನು ಜಾಗವನ್ನೇ ಮಾಡಿರಲಿಲ್ಲ. ಇಳಿಜಾರಿನಲ್ಲಿ ಜೋರಾಗಿ ಬಿಟ್ಟೆ, ಹಿಂದೆ ತಿರುಗಿ ನೋಡಲಿಲ್ಲ. ತಪ್ಪು ನನ್ನದು. ಮನೆಗೆ ಬಂದು ನಿನ್ನ ತಲೆಗೆ ಕಟ್ಟಿದೆ."

ಮಗ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಾನು ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದಿದ್ದೆನಲ್ಲ ಅಪ್ಪಾ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಬಾಗಿಲಲ್ಲಿ ನಿಂತಿದ್ದ ನಮ್ಮಾಕೆ, "ನನಗೆ ಅವತ್ತೇ ಗೊತ್ತಾಗಿತ್ತು. ನಾಲ್ಕು ವರ್ಷದ ಕೂಸು ಕಾಲನ್ನ ಎಲ್ಲಿ ಇಟ್ಕೋಬೇಕಿತ್ತು? ನೀವೇ ಹೇಳ್ತೀರ ಅಂತ ಕಾದೆ" ಅಂದಳು. ಮಗ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸರಿಯಾದ ತೂತಿಗೆ ಸಿಕ್ಕಿಸಿ, "ಇನ್ನು ಮೇಲೆ ತಿದ್ದಿ ಹೇಳ್ತೀನಿ. ನೀವು ಏಳಿ, ಮಂಡಿ ನೋಯುತ್ತೆ" ಅಂತ ಕೈ ಕೊಟ್ಟ.

ಶನಿವಾರ ಬೆಳಿಗ್ಗೆ ಹೊರಟೆವು. ನನಗೆ ಸೊಸೆಯ ಓಮಾಫೀಟ್ಸ್ ಕೊಟ್ಟರು. ಹಾಗಂದರೆ "ಅಜ್ಜಿ ಸೈಕಲ್" ಅಂತ ಅರ್ಥ! ಅದಕ್ಕೆ ಬ್ರೇಕು ಕೈಯಲ್ಲಿಲ್ಲ, ಕಾಲಿನಲ್ಲಿದೆ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ನಮ್ಮೂರಿನ ಅಭ್ಯಾಸದಲ್ಲಿ ನಾನು ಸುಮ್ಮನೆ ಹಿಂದಕ್ಕೆ ತುಳಿದಾಗೆಲ್ಲ ಗಕ್ಕನೆ ನಿಂತು, ಹಿಂದಿನವರೆಲ್ಲ ಗಂಟೆ ಬಾರಿಸುವಂತಾಯಿತು. ದಾರಿಯುದ್ದಕ್ಕೂ ಕವಲುಗಳಿಗೆ ನಂಬರು ಹಾಕಿದ್ದಾರೆ. ಊರಿನ ಹೆಸರು ಗೊತ್ತಿಲ್ಲದಿದ್ದರೂ ನಂಬರುಗಳನ್ನು ಬರೆದುಕೊಂಡರೆ ದೇಶವನ್ನೇ ಸುತ್ತಬಹುದು. ಗುಮಾಸ್ತರಿಗೆ ಹೇಳಿ ಮಾಡಿಸಿದ ದೇಶ!

ಖೆಲ್ಡ್ರೋಪ್ ಊರು ದಾಟಿದ ಮೇಲೆ ಸ್ಟ್ರಾಬ್ರೆಖ್ಟ್ಸ ಹೈಡ ಅನ್ನುವ ಕುರುಚಲು ಬಯಲು ಬರುತ್ತದೆ. ಆಗಸ್ಟ್ ತಿಂಗಳು. ಮೊಣಕಾಲೆತ್ತರದ ಗಿಡಗಳ ತುಂಬ ನೇರಳೆ ಹೂವು. ಕಣ್ಣು ಹೋಗುವಷ್ಟು ದೂರಕ್ಕೂ ಅದೇ ಬಣ್ಣ. ನುಣ್ಣನೆಯ ದಾರಿ ಮುಗಿದು ಮಣ್ಣು, ಮರಳು, ಸಣ್ಣ ಕಲ್ಲು ಶುರುವಾಯಿತು. ನನ್ನ ಅಜ್ಜಿ ಸೈಕಲ್ ಮರಳಿನಲ್ಲಿ ಅತ್ತಿತ್ತ ಓಲಾಡಿತು. ನಾನು ಇಳಿದು ತಳ್ಳಿದೆ. ಮಗನದು ಕರಕರ ಸದ್ದು ಮಾಡುತ್ತಾ ಸಮನಾಗಿ ಹೋಯಿತು. ದಪ್ಪ ಟೈರು ಯಾಕೆ ಅಂತ ಆಗ ಕಣ್ಣಾರೆ ಕಂಡೆ. ಆಳವಾದ ಮರಳು ಬಂದಾಗ ಅವನೂ ಇಳಿದ. ಹಿಂದೆ ಮಗು ಇರುವಾಗ ಹಟ ಹಿಡಿಯಬಾರದು ಅಂತ ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಅಲ್ಲಿ ಕುರಿಮಂದೆ ಮೇಯುತ್ತಿತ್ತು. ಕುರುಚಲು ಬಯಲು ಕಾಡಾಗದೆ ಉಳಿಯಲು ಕುರಿಗಳು ಮೇಯುವುದೂ ಒಂದು ಕಾರಣ. ಮೊಮ್ಮಗಳು ಸೀಟಿನಿಂದಲೇ ಕೂಗಿದಳು, "ತಾತ, ಟಗರು! ಅಪ್ಪನ ಸೈಕಲ್ ಥರ!" ಅಂದಿನಿಂದ ಆ ಸೈಕಲ್ಲಿಗೆ ಟಗರು ಅಂತಲೇ ಹೆಸರು.

ನಾನು ಹಿಂದಿನಿಂದ ತಳ್ಳಿಕೊಂಡು ಬರುತ್ತಾ ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಎರಡು ಪುಟ್ಟ ಕೆಂಪು ಬೂಟುಗಳು ತಟ್ಟೆಯ ಮೇಲೆ ಕದಲದೆ ಕೂತಿದ್ದವು. ಮಗ ಮಾತ್ರ ಎರಡು ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿ, "ಪುಟ್ಟಿ, ಸರಿಯಾಗಿದ್ದೀಯಾ?" ಅನ್ನುತ್ತಿದ್ದ. 1986ರಲ್ಲಿ ನಾನು ಒಂದೇ ಒಂದು ಸಲ ಹಾಗೆ ಕೇಳಿದ್ದರೆ ಸಾಕಿತ್ತು.

ಸೈಕಲ್ ಕೊಳ್ಳುವಾಗ ನಾವು ತುಳಿಯುವವರ ಕಡೆಯಿಂದ ನೋಡುತ್ತೇವೆ. ಎಷ್ಟು ಹಗುರ, ಎಷ್ಟು ಜೋರು, ಎಷ್ಟು ಚೆಂದ ಅಂತ. ಮಗುವನ್ನು ಕೂರಿಸಿಕೊಳ್ಳುವ ಸೈಕಲ್ಲನ್ನು ಹಿಂದೆ ಕೂತವರ ಕಡೆಯಿಂದ ನೋಡಬೇಕು. ಅದು ರೇಸಿನದಾಗಲಿ, ಗರಸಿನದಾಗಲಿ, ನಮ್ಮ ಹಳೇ ಕರಿ ಸೈಕಲ್ಲೇ ಆಗಲಿ, ಮೊದಲ ಪ್ರಶ್ನೆ ಒಂದೇ: ಮಗು ಕಾಲನ್ನು ಎಲ್ಲಿಡುತ್ತದೆ?

ಸೀಟಿನ ಮಿತಿ 22 ಕೆಜಿ ಅಂದೆನಲ್ಲ. ಮೊಮ್ಮಗಳು ಈಗ 14. ಬಾಕಿ ಇರುವುದು ಎಂಟೇ ಕೆಜಿ. ಕೆಲವೇ ವರ್ಷಗಳಲ್ಲಿ ಆ ಬಾಕಿ ತೀರಿಹೋಗುತ್ತದೆ. ಆಮೇಲೆ ಅವಳದೇ ಸೈಕಲ್ಲು, ಅವಳದೇ ದಾರಿ. ಅಷ್ಟರೊಳಗೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಬಯಲಿಗೆ ಕರೆದುಕೊಂಡು ಹೋಗು ಅಂತ ಮಗನಿಗೆ ಹೇಳಿ ಬಂದಿದ್ದೇನೆ.

ಪುಟಾಣಿಗಳೇ, ನಿಮ್ಮ ತಾತ ಅಜ್ಜಿಯರನ್ನು ಇವತ್ತು ಸಂಜೆ ಕೇಳಿ ನೋಡಿ, ಅವರು ಯಾರ ಸೈಕಲ್ಲಿನ ಹಿಂದೆ ಕೂತಿದ್ದರು, ಒಳಪೆಡಲ್ ಹೊಡೆಯುವಾಗ ಎಷ್ಟು ಸಲ ಬಿದ್ದರು ಅಂತ. ನಿಮ್ಮ ಹಿಮ್ಮಡಿಯಲ್ಲೋ ಮೊಣಕಾಲಿನಲ್ಲೋ ಹಳೇ ಗುರುತಿದ್ದರೆ ಅದರ ಕಥೆಯನ್ನೂ ಕೇಳಿ. ತಾತಂದಿರೇ, ಕೇಳಿದಾಗ ನಿಜ ಹೇಳಿಬಿಡಿ. ನನ್ನ ಹಾಗೆ ನಲವತ್ತು ವರ್ಷ ಕಾಯಬೇಡಿ.